ಹಳೆ ಪದ್ಮಿನಿಗೆ ಹೊಸ ತಗಡು

ಆಸೆಪಟ್ಟು ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಮನೆಗೆ ತಂದಿದ್ದೀರಿ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಸ್ಟೀರಿಂಗ್ ಪಕ್ಕದ ಗೇರ್ ಸಲೀಸಾಗಿ ಬೀಳುತ್ತದೆ. ಕಾಲಡಿಯ ಮ್ಯಾಟ್ ಎತ್ತಿದರೆ ಮಾತ್ರ ನೆಲ ಕಾಣುತ್ತದೆ. ಕಾರಿನ ನೆಲವಲ್ಲ, ಶೆಡ್ಡಿನ ನೆಲ.

ಇಂಥ ಕಾರುಗಳ ಎಂಜಿನ್ ಮತ್ತು ಬ್ರೇಕಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಅಲೆದರೆ ಹೇಗೋ ದೊರಕೀತು. ಕಾಡುವುದು ಬಾಡಿಯ ತಗಡು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದು ಮುಂದೆ ಪದ್ಮಿನಿಯಾದ ಈ ಮಾದರಿಯ ತಯಾರಿಕೆ ನಿಂತು ಎರಡು ದಶಕ ದಾಟಿತು. ಅಂಬಾಸಡರ್ ಕೂಡ 2014ರಲ್ಲಿ ನಿಂತಿತು. ಗುಜರಿಯಲ್ಲಿ ಫ್ಲೋರ್ ಸಿಕ್ಕಿದರೂ ಅದಕ್ಕೂ ನಿಮ್ಮ ಕಾರಿನಷ್ಟೇ ವಯಸ್ಸು, ಅಷ್ಟೇ ತುಕ್ಕು. ಬೇಕಾದ ಆಕಾರವನ್ನು ಹೊಸ ತಗಡಿನಲ್ಲಿ ಮಾಡಿ ಕೂರಿಸುವುದೇ ಉಳಿದ ದಾರಿ.

ಇದು ವೆಲ್ಡಿಂಗ್ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ವೆಲ್ಡಿಂಗ್ ಬರುವುದು ಕೊನೆಗೆ. ತೇಪೆ ಒಪ್ಪವಾಗಿ ಕೂರುತ್ತದೋ ಇಲ್ಲವೋ ಎಂಬುದು ರಟ್ಟು, ಪೆನ್ಸಿಲ್, ಸುತ್ತಿಗೆ ಕೈಯಲ್ಲಿದ್ದಾಗಲೇ ತೀರ್ಮಾನವಾಗಿರುತ್ತದೆ. ನೀವೇ ಮಾಡಿ, ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಮಾಡಿಸಿ, ಗಮನ ಕೊಡಬೇಕಾದ್ದು ಆ ಮೊದಲ ಹಂತಕ್ಕೆ.

ತಗಡು ಯಾಕೆ ಹಾಗೆ ಆಡುತ್ತದೆ?

ತಗಡಿಗೆ ನೀವು ಮಾಡಬಹುದಾದ್ದು ಮೂರೇ: ಮಡಿಸುವುದು, ಹಿಗ್ಗಿಸುವುದು, ಕುಗ್ಗಿಸುವುದು. ನೇರ ಗೆರೆಯ ಮೇಲೆ ಮಡಿಸುವುದು ಸುಲಭ, ಅದಕ್ಕೆ ಯಂತ್ರವಿದೆ. ಚಕ್ರದ ಮೇಲಿನ ಕಮಾನಿನಂತೆ ಎರಡು ದಿಕ್ಕಿಗೆ ಬಾಗಿದ ಆಕಾರ ಬೇಕಾದಾಗ ಬರೀ ಮಡಿಸಿದರೆ ಸಾಲದು. ಒಂದು ಕಡೆ ಲೋಹ ಹಿಗ್ಗಬೇಕು, ಇನ್ನೊಂದು ಕಡೆ ಕುಗ್ಗಬೇಕು.

ಸುತ್ತಿಗೆಗೂ ಗಟ್ಟಿ ಕಬ್ಬಿಣಕ್ಕೂ ನಡುವೆ ಸಿಕ್ಕಿದ ತಗಡು ತೆಳುವಾಗುತ್ತದೆ. ಲೋಹ ಎಲ್ಲೂ ಮಾಯವಾಗುವುದಿಲ್ಲವಾದ್ದರಿಂದ ಆ ಜಾಗದ ಹರವು ಹೆಚ್ಚುತ್ತದೆ. ಇದೇ ಹಿಗ್ಗಿಸುವುದು. ಅಂಚಿನಲ್ಲಿ ಸಣ್ಣ ಸುಕ್ಕು ಎಬ್ಬಿಸಿ, ಆ ಸುಕ್ಕು ಹೊರಕ್ಕೆ ಜಾರದಂತೆ ಮೊದಲು ತುದಿಯನ್ನು ಬಡಿದು, ಆಮೇಲೆ ಒಳಭಾಗವನ್ನು ಬಡಿದು ಮಟ್ಟ ಮಾಡಿದರೆ ಲೋಹ ತನ್ನೊಳಗೇ ಒತ್ತಿ ದಪ್ಪವಾಗುತ್ತದೆ. ಅದು ಕುಗ್ಗಿಸುವುದು. ಬಡಿದಷ್ಟೂ ತಗಡು ಬಿರುಸಾಗುತ್ತಾ ಹೋಗುತ್ತದೆ. ಸುತ್ತಿಗೆ ಪುಟಿಯತೊಡಗಿದರೆ ಆ ಜಾಗವನ್ನು ಮಬ್ಬುಗೆಂಪಾಗುವವರೆಗೆ ಕಾಯಿಸಿ ತಾನಾಗಿ ಆರಲು ಬಿಡಿ, ಮತ್ತೆ ಮೆತ್ತಗಾಗುತ್ತದೆ.

ಇನ್ನು ಶಾಖದ ವಿಷಯ. ಒಂದು ಮೀಟರ್ ಉಕ್ಕು 100 ಡಿಗ್ರಿ ಕಾದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ವೆಲ್ಡಿಂಗ್ ಬಿಂದುವಿನಲ್ಲಿ ಲೋಹ ಕರಗುತ್ತದೆ, ಅಂದರೆ ಶಾಖ 1,500 ಡಿಗ್ರಿಯ ಆಸುಪಾಸು. ಕಾದ ಜಾಗ ಹಿಗ್ಗಲು ಹೊರಟರೆ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹೊರಕ್ಕೆ ದಾರಿಯಿಲ್ಲದೆ ಅದು ಅಲ್ಲೇ ದಪ್ಪವಾಗುತ್ತದೆ. ಆರುವಾಗ ಮಾತ್ರ ಪೂರ್ತಿ ಕುಗ್ಗುತ್ತದೆ. ಲೆಕ್ಕ ಹಾಕಿದರೆ ಪ್ರತಿ ವೆಲ್ಡೂ ತನ್ನ ಸುತ್ತಲಿನ ತಗಡನ್ನು ಒಳಕ್ಕೆ ಜಗ್ಗುತ್ತದೆ. ಚಪ್ಪಟೆಯಾಗಿದ್ದ ಬಾಗಿಲು ವೆಲ್ಡ್ ಆದಮೇಲೆ ಅಲೆಅಲೆಯಾಗಿ, ಒತ್ತಿದರೆ ಟಪ್ ಟಪ್ ಎನ್ನುವುದು ಇದರಿಂದಲೇ. ಮುಂದೆ ಹೇಳುವ ವೆಲ್ಡಿಂಗ್ ಕ್ರಮವೆಲ್ಲ ಈ ಜಗ್ಗಾಟವನ್ನು ಹದ್ದಿನಲ್ಲಿಡುವುದಕ್ಕಾಗಿ.

ಯಾವ ತಗಡು ತರಬೇಕು?

ಅಂಗಡಿಯಲ್ಲಿ ಸಿ.ಆರ್. ಶೀಟ್ ಎಂದು ಕೇಳಿ. ತಣ್ಣಗೆ ಉರುಳಿಸಿ ಮಾಡಿದ ಈ ಮೆದು ಉಕ್ಕಿನ ತಗಡೇ ಬೀರು ಮಾಡುವವರಿಗೂ ಬೇಕಾದ್ದು, ಹಾಗಾಗಿ ಸಣ್ಣ ಊರಿನಲ್ಲೂ ಸಿಗುತ್ತದೆ. ಗೇಜ್ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ: 20 ಗೇಜ್ ಅಂದರೆ ಸುಮಾರು 0.9 ಮಿ.ಮೀ., 18 ಗೇಜ್ 1.2, 16 ಗೇಜ್ 1.6. ಬಾಡಿಯ ಹೊರಮೈಗೆ 20, ಫ್ಲೋರಿಗೆ 18 ಸಾಮಾನ್ಯವಾಗಿ ಹೊಂದುತ್ತದೆ. ಆದರೂ ತುಕ್ಕು ತಾಗದ ಅಂಚೊಂದನ್ನು ಬಣ್ಣ ಕೆರೆದು ವರ್ನಿಯರ್‌ನಲ್ಲಿ ಅಳೆದೇ ನಿರ್ಧರಿಸಿ. 8 ಅಡಿಗೆ 4 ಅಡಿಯ 18 ಗೇಜ್ ಶೀಟ್ ಸುಮಾರು 28 ಕಿಲೋ ತೂಗುತ್ತದೆ. ಅಷ್ಟು ಬೇಡದಿದ್ದರೆ ಬೀರು ಮಾಡುವವರ ಹತ್ತಿರ ತುಂಡು ಕೇಳಿ.

ದಪ್ಪ ಇದ್ದಷ್ಟೂ ಗಟ್ಟಿ ಎಂದು 14 ಗೇಜ್ ತಂದು ಹಾಕುವವರಿದ್ದಾರೆ. ತೆಳು ಹಳೆ ತಗಡಿಗೆ ದಪ್ಪ ತೇಪೆ ಕೂಡಿದಲ್ಲಿ ಶಾಖ ಒಂದೇ ಸಮ ಹರಿಯುವುದಿಲ್ಲ. ದಪ್ಪದ ಕಡೆ ಕರಗುವಷ್ಟರಲ್ಲಿ ತೆಳುವಿನ ಕಡೆ ತೂತು ಬಿದ್ದಿರುತ್ತದೆ. ಸತು ಲೇಪಿಸಿದ ಜಿ.ಐ. ಶೀಟ್ ಬೇಡ. ಅದರ ಸತು 907 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ, ವೆಲ್ಡಿನಲ್ಲಿ ರಂಧ್ರಗಳಾಗುತ್ತವೆ, ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ.

ದೊಡ್ಡ ಯಂತ್ರಗಳ ಆಸೆ ಆಮೇಲೆ ಇಟ್ಟುಕೊಳ್ಳಿ. ತಗಡು ಕತ್ತರಿ, ಮರದ ಕೊಡತಿ, ಚಪ್ಪಟೆ ಮತ್ತು ಗುಂಡು ಮುಖದ ಟಿಂಕರಿಂಗ್ ಸುತ್ತಿಗೆ, ತಗಡಿನ ಹಿಂದೆ ಒತ್ತಿ ಹಿಡಿಯುವ ಗಟ್ಟಿ ಕಬ್ಬಿಣದ ಡಾಲಿ ಎರಡು ಆಕಾರದ್ದು, ಗಟ್ಟಿ ಕ್ಯಾನ್ವಾಸಿನ ಮರಳುಚೀಲ, ನಾಲ್ಕೈದು ಕ್ಲಾಂಪು, ಗ್ರೈಂಡರ್. ಫ್ಲೋರ್ ತೇಪೆಗೆ ಇಷ್ಟು ಸಾಕು. ಉದ್ದ ಮಡಿಕೆಗಳಿಗೆ ಬೀರು ಅಂಗಡಿಯ ಬೆಂಡಿಂಗ್ ಮಷಿನ್ ಇದ್ದೇ ಇದೆ. ಗೆರೆ ಹಾಕಿಕೊಂಡು ಹೋದರೆ ಅವರು ನಿಮಿಷದಲ್ಲಿ ಮಡಿಸಿಕೊಡುತ್ತಾರೆ, ಮನೆಯಲ್ಲಿ ಆಂಗಲ್‌ಗಳ ನಡುವೆ ಕಚ್ಚಿಸಿ ಬಡಿದ ಮಡಿಕೆಗಿಂತ ಅದು ಎಷ್ಟೋ ಚೊಕ್ಕ.

ಗ್ರೈಂಡರ್ ಎತ್ತುವ ಮೊದಲು

ಪದ್ಮಿನಿಗೂ ಅಂಬಾಸಡರಿಗೂ ಜೀಪಿನಂತೆ ಬೇರೆ ಚಾಸಿಸ್ ಇಲ್ಲ. ಫ್ಲೋರ್, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಸಿಲ್, ಕಂಬಗಳು, ಮೇಲ್ಛಾವಣಿ ಎಲ್ಲ ಸೇರಿ ಹೊರೆ ಹೊರುತ್ತವೆ. ಹಾಗಾಗಿ ತುಕ್ಕು ಹಿಡಿದ ಸಿಲ್ ಕತ್ತರಿಸಿದ ಕೂಡಲೇ ಕಾರು ನಡುವೆ ಬಗ್ಗಬಹುದು. ಬಗ್ಗಿದ ಸ್ಥಿತಿಯಲ್ಲೇ ಹೊಸದನ್ನು ವೆಲ್ಡ್ ಮಾಡಿದರೆ ಅದು ಶಾಶ್ವತ. ಬಾಗಿಲು ಇನ್ನೆಂದೂ ಸರಿಯಾಗಿ ಹಾಕಿಕೊಳ್ಳುವುದಿಲ್ಲ.

ಎಂಜಿನ್ ಮತ್ತು ಸೀಟು ತೆಗೆದು ಭಾರ ಇಳಿಸಿ. ಕಾರನ್ನು ಸಮತಟ್ಟು ನೆಲದಲ್ಲಿ ಸಸ್ಪೆನ್ಷನ್ ಕೂರುವ ಜಾಗಗಳ ಹತ್ತಿರ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬಾಗಿಲು ಹಾಕಿ ಸುತ್ತಲಿನ ಸಂದಿಯನ್ನು ಅಳೆದು ಬರೆದಿಡಿ, ಬಾಗಿಲ ಚೌಕಟ್ಟಿನ ಎರಡೂ ಮೂಲೆಗೆರೆಗಳನ್ನೂ ಅಳೆಯಿರಿ. ಆಮೇಲೆ ಬಾಗಿಲು ಬಿಚ್ಚಿ, ಚೌಕಟ್ಟಿಗೆ ಅಡ್ಡಲಾಗಿ ಒಂದಿಂಚಿನ ಆಂಗಲ್ ಅಥವಾ ಚೌಕ ಪೈಪನ್ನು ಚುಕ್ಕೆ ವೆಲ್ಡಿನಲ್ಲಿ ಕೂರಿಸಿ ಬಿಗಿ ಕೊಡಿ. ಒಂದು ಪಕ್ಕ ಪೂರ್ತಿ ಮುಗಿಯದೆ ಇನ್ನೊಂದು ಪಕ್ಕ ಕತ್ತರಿಸಬೇಡಿ. ಚಾಸಿಸ್ ನಂಬರ್ ಎಲ್ಲಿ ಒತ್ತಿದೆ ಎಂದು ಮೊದಲೇ ಹುಡುಕಿ ಗುರುತು ಹಾಕಿ, ಫೋಟೊ ತೆಗೆದಿಡಿ. ಆ ಜಾಗಕ್ಕೆ ಗ್ರೈಂಡರ್ ತಾಗಿದರೆ ತಗಡಿಗಿಂತ ದೊಡ್ಡ ತಲೆನೋವು ಆರ್‌ಟಿಒದಲ್ಲಿ ಕಾದಿರುತ್ತದೆ.

ತೇಪೆ ಮಾಡುವ ಕ್ರಮ

1. ತುಕ್ಕಿನ ಗಡಿ ಹುಡುಕಿ. ಕಣ್ಣಿಗೆ ಕಾಣುವ ತೂತು ಅಸಲಿ ಹಾನಿಯ ಅರ್ಧವೂ ಅಲ್ಲ. ಮ್ಯಾಟಿನಡಿಯ ಡಾಂಬರು ಪದರ ಕೆರೆದು ತೆಗೆಯಿರಿ, ಚೂಪು ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಹೋಗಿ. ಬಟ್ಟೆ ಸುತ್ತಿದ ಅಯಸ್ಕಾಂತ ಅಂಟದ ಕಡೆ ಇರುವುದು ತಗಡಲ್ಲ, ಪುಟ್ಟಿ. ಹಳ್ಳ ಬಿದ್ದ ಲೋಹ ಮುಗಿದ ಮೇಲೆ ಇನ್ನೂ ಒಂದಿಂಚು ಒಳ್ಳೆಯ ತಗಡಿಗೆ ಗೆರೆ ಎಳೆಯಿರಿ. ಕರಾವಳಿಯಲ್ಲಿ ಓಡಿದ ಕಾರಾದರೆ ಉಪ್ಪುಗಾಳಿಯ ದಯೆಯಿಂದ ಈ ಗೆರೆ ನೀವೆಣಿಸಿದ್ದಕ್ಕಿಂತ ದೂರ ಹೋಗುತ್ತದೆ.

2. ರಟ್ಟಿನಲ್ಲಿ ಮಾದರಿ ಮಾಡಿ. ದಪ್ಪ ಡ್ರಾಯಿಂಗ್ ಹಾಳೆ ಸಾಕು. ಮನೆಯಲ್ಲಿ ಉಳಿದ ಲಗ್ನಪತ್ರಿಕೆಗಳೂ ಇದಕ್ಕೆ ಚೆನ್ನಾಗಿ ಒದಗುತ್ತವೆ. ಜಾಗದ ಮೇಲೆ ಒತ್ತಿ ಹಿಡಿದು, ಅಂಚು, ಮಡಿಕೆ, ತೂತು ಎಲ್ಲ ಗುರುತು ಮಾಡಿ. ಮುಂದೆ ಯಾವುದು, ಮೇಲೆ ಯಾವುದು ಎಂದು ಬಾಣ ಹಾಕಿ. ಇಲ್ಲದಿದ್ದರೆ ಎಡದ ತೇಪೆ ಬಲಕ್ಕೆ ತಯಾರಾಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಬಾಗಿದ ಜಾಗದಲ್ಲಿ ಕಾಗದ ಏನು ಮಾಡುತ್ತದೆ ನೋಡಿ. ಕಾಗದ ಸುಕ್ಕಾಗಿ ಒಂದರ ಮೇಲೊಂದು ಏರಿದರೆ ಅಲ್ಲಿ ತಗಡನ್ನು ಕುಗ್ಗಿಸಬೇಕು. ಕಾಗದವನ್ನು ಸೀಳದೆ ಕೂರದು, ಸೀಳಿದರೆ ಬಾಯಿ ಬಿಡುತ್ತದೆ ಎಂದಾದರೆ ಅಲ್ಲಿ ಹಿಗ್ಗಿಸಬೇಕು. ದರ್ಜಿ ಎಲ್ಲಿ ನೆರಿಗೆ ಹಿಡಿಯುತ್ತಾನೋ ಅಲ್ಲಿ ನೀವು ಲೋಹ ಒತ್ತುತ್ತೀರಿ, ಅವನು ಎಲ್ಲಿ ಬಟ್ಟೆ ಸೇರಿಸುತ್ತಾನೋ ಅಲ್ಲಿ ಬಡಿದು ಹರಡುತ್ತೀರಿ. ಏರಿದ ಕಡೆ ‘ಕು’, ಬಾಯಿಬಿಟ್ಟ ಕಡೆ ‘ಹಿ’ ಎಂದು ಕಾಗದದ ಮೇಲೇ ಬರೆದುಕೊಳ್ಳಿ. ಸುತ್ತಿಗೆ ಎಲ್ಲಿ ಬೀಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆಯಿಲ್ಲ. ಎರಡೂ ಅಕ್ಷರ ಬಹಳ ಕಡೆ ಬಂದರೆ ತೇಪೆಯನ್ನು ಎರಡು ಸುಲಭ ತುಂಡು ಮಾಡಿ ಕೂಡಿಸಿ. ಒಂದೇ ತುಂಡಿನಲ್ಲಿ ಮಾಡಿದೆ ಎಂಬ ಹೆಮ್ಮೆ ಬಣ್ಣದಡಿ ಯಾರಿಗೂ ಕಾಣುವುದಿಲ್ಲ.

3. ತಗಡು ಕತ್ತರಿಸಿ. ಸುತ್ತಲೂ ಅರ್ಧ ಇಂಚು ಹೆಚ್ಚು ಬಿಡಿ. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ. ಹಿಗ್ಗಿಸುವಾಗ ಸೀಳು ಹುಟ್ಟುವುದು ಈ ಮುಳ್ಳುಗಳಿಂದಲೇ. ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಎರಡು ಕಡೆಯಿಂದ ವೆಲ್ಡಿನ ಶಾಖ ಬಂದು ಕೂಡುತ್ತದೆ, ಓಡುವಾಗಿನ ಕುಲುಕಾಟದ ಒತ್ತಡವೂ ಅಲ್ಲೇ ನೆಲೆಸಿ ಬಿರುಕು ಬಿಡುತ್ತದೆ.

4. ಮೊದಲು ಉಬ್ಬುತಗ್ಗು, ಆಮೇಲೆ ಮಡಿಕೆ. ಫ್ಲೋರಿನಲ್ಲಿ ಕಂಪನಿಯವರು ಒತ್ತಿದ ಉದ್ದ ಉಬ್ಬುಗೆರೆಗಳು ಅಂದಕ್ಕಲ್ಲ. ತಗಡು ಬಾಗದಂತೆ ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು. ಕೆಲವೇ ಮಿ.ಮೀ. ಆಳದ ಉಬ್ಬು ತೆಳು ತಗಡನ್ನು ಆ ದಿಕ್ಕಿನಲ್ಲಿ ದಪ್ಪ ತಗಡಿನಂತೆ ನಡೆಸಿಕೊಳ್ಳುತ್ತದೆ, ತೂಕ ಏರುವುದಿಲ್ಲ. ಉಬ್ಬಿಲ್ಲದ ಚಪ್ಪಟೆ ತೇಪೆ ಡೋಲಿನಂತೆ ಸದ್ದು ಮಾಡುತ್ತದೆ. ಉಬ್ಬು ಒತ್ತುವ ಬೀಡ್ ರೋಲರ್ ಇಲ್ಲದಿದ್ದರೆ ಗಟ್ಟಿ ಮರದ ಹಲಗೆಯಲ್ಲಿ ಕಾಲುವೆ ಕೊರೆದು, ತಗಡನ್ನು ಕ್ಲಾಂಪಿನಲ್ಲಿ ಬಿಗಿದು, ಮೊಂಡು ಮಾಡಿದ ಉಳಿಯಿಂದ ಉದ್ದಕ್ಕೂ ನಾಲ್ಕೈದು ಸುತ್ತಿನಲ್ಲಿ ಮೆಲ್ಲಗೆ ಇಳಿಸಿ. ಒಂದೇ ಸುತ್ತಿನಲ್ಲಿ ಪೂರ್ತಿ ಆಳಕ್ಕೆ ಹೋದರೆ ಸುತ್ತಲೂ ಸುಕ್ಕು ಏಳುತ್ತದೆ. ಉಬ್ಬು ಮಾಡುವಾಗ ಅಂಚುಗಳು ಒಳಕ್ಕೆ ಎಳೆದುಕೊಳ್ಳುವುದರಿಂದಲೇ ಆ ಅರ್ಧ ಇಂಚು ಹೆಚ್ಚು ಬಿಟ್ಟಿದ್ದು. ಮಡಿಕೆ ಮೊದಲು ಮಾಡಿದರೆ ಅದೂ ಜೊತೆಗೆ ಸೊಟ್ಟಗಾಗುತ್ತದೆ.

5. ಬಾಗು ಕೊಡಿ. ಮರಳುಚೀಲದ ಮೇಲಿಟ್ಟು ಕೊಡತಿಯಿಂದ ಹೊರಗಿನಿಂದ ನಡುವಿಗೆ ಸುತ್ತುತ್ತಾ ಬಡಿಯಿರಿ. ಪೆಟ್ಟು ಹಗುರ, ಸಂಖ್ಯೆ ಹೆಚ್ಚು. ಆಗಾಗ ಕಾರಿನ ಮೇಲಿಟ್ಟು ನೋಡಿ. ಆಕಾರ ಬಂದ ಮೇಲೆ ಡಾಲಿ ಒತ್ತಿ ಹಿಡಿದು ಸುತ್ತಿಗೆಯಲ್ಲಿ ನಯ ಮಾಡಿ. ಕೈಬಿಟ್ಟರೂ ತೇಪೆ ಅಲುಗದೆ ಮಲಗಬೇಕು. ಕ್ಲಾಂಪಿನಿಂದ ಜಗ್ಗಿ ಕೂರಿಸಿದ ತೇಪೆ ವೆಲ್ಡ್ ಆದಮೇಲೂ ಹಳೆ ಜಾಗಕ್ಕೆ ಮರಳಲು ಒದ್ದಾಡುತ್ತಲೇ ಇರುತ್ತದೆ.

6. ತೇಪೆ ಮೊದಲು, ತೂತು ಆಮೇಲೆ. ಮುಗಿದ ತೇಪೆಯನ್ನು ಜಾಗದ ಮೇಲಿಟ್ಟು ಸುತ್ತ ಚೂಪು ಮೊಳೆಯಿಂದ ಗೀರಿ, ಆ ಗೆರೆಯ ಒಳಗೆ ಕಾರಿನ ತಗಡು ಕತ್ತರಿಸಿ. ಬಹಳ ಮಂದಿ ಮೊದಲೇ ತೂತು ಕೊರೆದು ಅದರ ಅಳತೆಗೆ ತೇಪೆ ಮಾಡಲು ಹೊರಡುತ್ತಾರೆ. ಆಗ ಆನಿಸಿ ನೋಡಲು ಕೆಳಗೆ ಏನೂ ಉಳಿದಿರುವುದಿಲ್ಲ. ಅಂಚಿಗೆ ಅಂಚು ಕೂಡುವಲ್ಲಿ ವೆಲ್ಡಿಂಗ್ ತಂತಿಯ ದಪ್ಪದಷ್ಟು ಸಂದಿ ಇರಲಿ. ಸಂದಿಯಿಲ್ಲದೆ ತಾಗಿಸಿದರೆ ಆರಿ ಕುಗ್ಗುವಾಗ ಒಂದರ ಮೇಲೊಂದು ಏರಲು ನೋಡುತ್ತವೆ.

7. ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ. ತೆಳು ತಗಡಿಗೆ 0.6 ಅಥವಾ 0.8 ಮಿ.ಮೀ. ತಂತಿಯ ಮಿಗ್ ಮಷಿನ್ ಹೊಸಬರಿಗೆ ಸುಲಭ. ಮೊದಲು ಅದೇ ಗೇಜಿನ ತುಂಡಿನ ಮೇಲೆ ಕರೆಂಟ್ ಹೊಂದಿಸಿ, ಹಿಂಬದಿಗೂ ವೆಲ್ಡ್ ಇಳಿದಿದೆಯೇ ತಿರುಗಿಸಿ ನೋಡಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಮೂಲೆಗೆ, ಮತ್ತೊಂದು ನಡುವೆ. ಹೀಗೆ ಒಂದಿಂಚಿಗೊಂದು ಚುಕ್ಕೆ ತುಂಬಿದ ಮೇಲೆ ನಡುವಿನ ಸಂದಿಗಳಿಗೆ ಬನ್ನಿ. ಕೈಯಿಟ್ಟು ಮುಟ್ಟುವಷ್ಟು ಆರದೆ ಪಕ್ಕದ ಚುಕ್ಕೆ ಬೇಡ. ಒದ್ದೆ ಬಟ್ಟೆಯಿಂದ ಅವಸರವಾಗಿ ತಣಿಸುವುದೂ ಬೇಡ, ವೆಲ್ಡ್ ಬಿರುಸಾಗುತ್ತದೆ. ಎರಡೂ ಬದಿಗೆ ಕೈ ಎಟುಕಿದರೆ ಪ್ರತಿ ಸುತ್ತಿನ ಚುಕ್ಕೆಗಳನ್ನು ಉಜ್ಜಿ ಮಟ್ಟ ಮಾಡಿ, ಡಾಲಿ ಹಿಡಿದು ಮೆಲ್ಲಗೆ ಬಡಿಯಿರಿ. ಕುಗ್ಗಿದ್ದನ್ನು ಹಿಗ್ಗಿಸಿ ಲೆಕ್ಕ ಚುಕ್ತಾ ಮಾಡಿದಂತೆ.

ಹಳೆಯ ಮೇಸ್ತ್ರಿಗಳು ಗ್ಯಾಸ್ ವೆಲ್ಡಿಂಗ್ ಬಿಡಲೊಪ್ಪದಿದ್ದರೆ ಅವರನ್ನು ಹಳೆಕಾಲದವರೆಂದು ತಳ್ಳಬೇಡಿ. ಗ್ಯಾಸಿನ ಶಾಖ ಅಗಲಕ್ಕೆ ಹಬ್ಬುವುದರಿಂದ ತಗಡು ಹೆಚ್ಚು ಸೊಟ್ಟಗಾಗುತ್ತದೆ, ನಿಜ. ಆದರೆ ಆ ವೆಲ್ಡ್ ಮೆತ್ತಗಿರುತ್ತದೆ, ಸುತ್ತಿಗೆಗೆ ಬಗ್ಗುತ್ತದೆ. ಮಿಗ್ ವೆಲ್ಡ್ ಅಷ್ಟು ಬಗ್ಗದು. ಪಳಗಿದ ಕೈಗಳಿಗೆ ಗ್ಯಾಸ್ ಒಳ್ಳೆಯದೇ. ಮನೆಯ ಗೇಟು ಮಾಡುವ ಆರ್ಕ್ ವೆಲ್ಡಿಂಗ್ ಮಾತ್ರ 1.2 ಮಿ.ಮೀ. ತಗಡಿಗೆ ಸಲ್ಲದು.

8. ಕತ್ತಲಲ್ಲಿ ಪರೀಕ್ಷಿಸಿ. ಕಾರಿನಡಿ ದೀಪ ಹಿಡಿದು ಒಳಗಿನಿಂದ ನೋಡಿದರೆ ಸೂಜಿಮೊನೆಯಷ್ಟು ರಂಧ್ರವೂ ಮಿನುಗುತ್ತದೆ. ಅದನ್ನು ವೆಲ್ಡಿನಿಂದಲೇ ಮುಚ್ಚಿ.

ಹೆಚ್ಚಾಗಿ ಆಗುವ ತಪ್ಪುಗಳು

ಹಳೆ ತಗಡಿನ ಮೇಲೇ ಹೊಸದನ್ನು ಹೊದಿಸಿ ಸುತ್ತ ವೆಲ್ಡ್ ಮಾಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಎರಡರ ನಡುವೆ ನೀರು ನಿಂತು, ಉಳಿದ ತುಕ್ಕು ಹೊಸ ತಗಡನ್ನೂ ಒಳಗಿನಿಂದ ತಿನ್ನುತ್ತದೆ. ಒಂದೆರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ರಿವೆಟ್ ಹೊಡೆದ ತಗಡು, ಫೈಬರ್ ಬಟ್ಟೆ, ಬೆರಳು ದಪ್ಪದ ಪುಟ್ಟಿ ಇವೂ ಇದೇ ಜಾತಿ. ಪುಟ್ಟಿ ಇರುವುದು ಕೊನೆಯ ಒಂದೆರಡು ಮಿ.ಮೀ. ತಗ್ಗು ತುಂಬಲು ಮಾತ್ರ.

ಇನ್ನೊಂದು ತಪ್ಪು ಹಿಂದಿನವರ ಕೆಲಸದ ಬೆನ್ನು ಹತ್ತಿ ಬರುತ್ತದೆ. ನಮ್ಮ ಹಳೆ ಕಾರುಗಳಲ್ಲಿ ಬ್ರೇಜಿಂಗ್ ಮಾಡಿದ ಜೋಡಣೆಗಳು ಬಹಳ. ಉಜ್ಜಿದಾಗ ಹಿತ್ತಾಳೆಯ ಹಳದಿ ಕಂಡರೆ ಅದರ ಮೇಲೆ ಮಿಗ್ ಹಿಡಿಯಬೇಡಿ; ಹಿತ್ತಾಳೆ ಉಕ್ಕಿನ ವೆಲ್ಡಿಗೆ ಸೇರಿದರೆ ರಂಧ್ರ, ಬಿರುಕು ಖಂಡಿತ. ಆ ಭಾಗ ಪೂರ್ತಿ ಕತ್ತರಿಸಿ ತೆಗೆಯಿರಿ.

ಗ್ರೈಂಡರಿನಲ್ಲಿ ವೆಲ್ಡ್ ಉಜ್ಜುತ್ತಾ ನೀಲಿ ಬಣ್ಣ ಬರುವವರೆಗೆ ಒತ್ತುವುದೂ ತಪ್ಪೇ. ವೆಲ್ಡಿಂಗಿನಲ್ಲಿ ಕಾಪಾಡಿಕೊಂಡ ತಗಡು ಆ ಶಾಖಕ್ಕೆ ಸೊಟ್ಟಗಾಗುತ್ತದೆ, ಅಕ್ಕಪಕ್ಕ ತೆಳುವೂ ಆಗುತ್ತದೆ. ಒಂದು ವೇಳೆ ಉಬ್ಬಿ ಟಪ್ ಎನ್ನತೊಡಗಿದರೆ ಮೇಲೆ ಹೇಳಿದ ಶಾಖದ ಗುಣವನ್ನೇ ಮದ್ದಾಗಿಸಬಹುದು. ಉಬ್ಬಿನ ನೆತ್ತಿಯಲ್ಲಿ ನಾಣ್ಯದಗಲ ಜಾಗವನ್ನು ಕೆಂಪಗೆ ಕಾಯಿಸಿ, ಹಿಂದೆ ಡಾಲಿ ಕೊಟ್ಟು ಸುತ್ತಲಿನಿಂದ ನಡುವಿಗೆ ಬೇಗ ಬಡಿದು, ಆರಲು ಬಿಡಿ. ಅಲ್ಲಿ ಲೋಹ ದಪ್ಪವಾಗಿ ಉಬ್ಬು ಬಿಗಿಯುತ್ತದೆ.

ಎಚ್ಚರ

ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ಯಾರೂ ವೆಲ್ಡ್ ಮಾಡಕೂಡದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಏಕೆಂದರೆ ಒಳಗಿರುವ ಆವಿ ಗಾಳಿಯೊಂದಿಗೆ ಬೆರೆತು ಸಿಡಿಯುವ ಹದದಲ್ಲಿರುತ್ತದೆ. ಕಾರಿನಲ್ಲಿ ಎಲ್ಲೇ ಕಿಡಿ ಹಾರಿಸುವುದಿದ್ದರೂ ಟ್ಯಾಂಕ್ ಮತ್ತು ಪೆಟ್ರೋಲ್ ಪೈಪು ಬಿಚ್ಚಿ ದೂರ ಇಡಿ, ಬ್ಯಾಟರಿ ಕಳಚಿ. ಫ್ಲೋರಿನಡಿಯ ಡಾಂಬರು ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ. ನೀರಿನ ಬಕೆಟ್ಟು, ಬೆಂಕಿ ಆರಿಸುವ ಸಿಲಿಂಡರ್ ಕೈಯಳತೆಯಲ್ಲಿರಲಿ, ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗಕ್ಕೆ ವೆಲ್ಡ್ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಹಳೆ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿದೆ. ಒಣ ಧೂಳು ಎಬ್ಬಿಸುವಾಗ ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಬೇಕು. ಗ್ರೈಂಡರಿನ ಗಾರ್ಡ್ ಬಿಚ್ಚುವುದು ನಮ್ಮ ವರ್ಕ್‌ಶಾಪುಗಳ ಕೆಟ್ಟ ಚಾಳಿ. ಕಟಿಂಗ್ ವೀಲ್ ಒಡೆದರೆ ಚೂರು ನೇರ ಮುಖಕ್ಕೇ ಬರುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ.

ಹೊಸದಾಗಿ ಏನಾದರೂ ಸೇರಿಸುವಾಗ

ಫ್ಲೋರ್ ಬಿಚ್ಚಿದ್ದಾಗಲೇ ಮಾಡಿಕೊಳ್ಳಬೇಕಾದ ಒಂದು ಮಾರ್ಪಾಡೆಂದರೆ ಸೀಟ್ ಬೆಲ್ಟಿನ ನೆಲೆ. ಎಷ್ಟೋ ಹಳೆಯ ಕಾರುಗಳಲ್ಲಿ ಇದು ಇರುವುದೇ ಇಲ್ಲ. ಬರೀ ತಗಡಿಗೆ ತೂತು ಕೊರೆದು ವಾಷರ್ ಹಾಕಿದ ಬೋಲ್ಟ್ ಅಪಘಾತದಲ್ಲಿ ತಗಡನ್ನೇ ಹರಿದುಕೊಂಡು ಬರುತ್ತದೆ. ಜಗ್ಗುವ ಬಲ ಅಗಲಕ್ಕೆ ಹಂಚಿಹೋಗಲು ತಗಡಿನ ಹಿಂದೆ ಉಕ್ಕಿನ ಬೆಂಬಲ ಪಟ್ಟಿ ಬೇಕು. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ನಿಯಮಗಳು ಇಂಥ ಬೆಂಬಲ ಪಟ್ಟಿಗೆ ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ಹರವು ಕೇಳುತ್ತವೆ, ಅದನ್ನೇ ಅಳತೆಯಾಗಿಟ್ಟುಕೊಳ್ಳಿ. ಮೂಲೆ ದುಂಡಗಿರಲಿ, ಬೆಲ್ಟಿಗೆಂದೇ ಬರುವ 7/16 ಇಂಚಿನ ಬೋಲ್ಟ್ ಬಳಸಿ, ಪಟ್ಟಿ ಕೂರುವುದು ಒಳ್ಳೆಯ ಲೋಹದ ಮೇಲೆ, ಹೊಸ ತೇಪೆಯ ಅಂಚಿನ ಮೇಲಲ್ಲ.

ಮೇಲ್ಛಾವಣಿ ಕತ್ತರಿಸಿ ಓಪನ್ ಕಾರು ಮಾಡುವ ಆಸೆ ಇದ್ದರೆ ಕಾನೂನು ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ; ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. 2021ರ ನಿಯಮಗಳಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರವಿರುವ ವಿಂಟೇಜ್ ನಂಬರ್ ಸಿಗುತ್ತದೆ, ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಅರುವತ್ತರ ದಶಕದ ಡಿಲೈಟ್ ಇಟ್ಟುಕೊಂಡವರು ಇದನ್ನು ನೆನಪಿಟ್ಟು, ಮೂಲ ಆಕಾರಕ್ಕೆ ಆಕಾರ ಸೇರುವ ತೇಪೆಯನ್ನೇ ಮಾಡಿ. ಮೊದಲಿನ, ನಡುವಿನ, ಕೊನೆಯ ಫೋಟೊಗಳು ಕಡತದಲ್ಲಿರಲಿ.

ತುಕ್ಕು ಮತ್ತೆ ಬಾರದಂತೆ

ಬರೀ ಲೋಹವನ್ನು ಒಂದು ರಾತ್ರಿಯೂ ಹಾಗೇ ಬಿಡಬೇಡಿ, ಮಳೆಗಾಲದಲ್ಲಂತೂ ಬೆಳಿಗ್ಗೆಯೊಳಗೆ ಕೆಂಪಾಗಿರುತ್ತದೆ. ಥಿನ್ನರಿನಲ್ಲಿ ಒರೆಸಿ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಒಂದೇ ಸಾಲದು, ಅದು ತೇವ ಹೀರುತ್ತದೆ. ಪ್ರೈಮರ್ ಒಣಗಿದ ಮೇಲೆ ಜೋಡಣೆಗಳಿಗೆ ಸೀಲರ್, ಅದರ ಮೇಲೆ ಬಣ್ಣ, ಕೆಳಗಡೆಗೆ ಅಂಡರ್‌ಕೋಟ್. ಸಿಲ್ಲಿನ ತಳದಲ್ಲಿ ನೀರು ಇಳಿಯಲು ಕಂಪನಿಯವರು ಬಿಟ್ಟ ತೂತುಗಳನ್ನು ಹುಡುಕಿ, ಸೀಲರ್ ಮೆತ್ತಿ ಮುಚ್ಚಿಹೋಗಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ. ಸಿಲ್ಲಿನ ಒಳಗೆ ಬ್ರಷ್ ಹೋಗದು. ವೆಲ್ಡಿನ ಹಿಂಬದಿ ಸುಟ್ಟು ಬರಿದಾಗಿರುವುದೂ ಅಲ್ಲೇ. ಕೊಳವೆಯ ಮೂಲಕ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸಿ. ವ್ಯಾಕ್ಸ್ ಕರಗಿ ಸಂದಿಗಳಿಗೆ ಇಳಿದು ಆ ತೂತುಗಳಿಂದ ತೊಟ್ಟಿಕ್ಕುತ್ತದೆ, ಆದ್ದರಿಂದ ಕೆಳಗೆ ಹಳೆಯ ರಟ್ಟು ಹಾಸಿಡಿ.